740 ಸಾಲಿನ ಸೂಚನಾ ಕಡತವನ್ನು ಎಐ ಸಹಾಯಕ ಏಕೆ ಪಾಲಿಸುತ್ತಿಲ್ಲ?

ಪ್ರಶ್ನೆ: ಪತ್ತಿನ ಸಹಕಾರ ಸಂಘಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಸಂಸ್ಥೆ ನಮ್ಮದು. ಸರ್ವರ್ ಕಡೆ ಜ್ಯಾಂಗೊ, ಪರದೆಯ ಕಡೆ ರಿಯಾಕ್ಟ್. ಕೋಡ್ ಬರೆಯುವ ಎಐ ಸಹಾಯಕಗಳಲ್ಲಿ ತಂಡದ ನಾಲ್ವರು ಕ್ಲಾಡ್ ಕೋಡ್ ಬಳಸುತ್ತೇವೆ, ಇನ್ನಿಬ್ಬರು ಕೋಡೆಕ್ಸ್ ಬಳಸುತ್ತಾರೆ. ರೆಪೊದ (ಕೋಡ್ ಇಡುವ ಭಂಡಾರದ) ಮೂಲ ಫೋಲ್ಡರ್‌ನಲ್ಲಿ ಏಜೆಂಟ್ಸ್ ಡಾಟ್ ಎಂಡಿ ಎಂಬ ಸೂಚನಾ ಕಡತವಿದೆ. ಅದನ್ನೇ ನಕಲು ಮಾಡಿ ಕ್ಲಾಡ್ ಡಾಟ್ ಎಂಡಿ ಎಂದೂ ಇಟ್ಟಿದ್ದೇವೆ. ಸಹಾಯಕ ತಪ್ಪು ಮಾಡಿದಾಗಲೆಲ್ಲ ಒಂದೊಂದು ಸಾಲು ಸೇರಿಸುತ್ತ ಬಂದು ಕಡತ ಈಗ 740 ಸಾಲು, 43 ಕೆಬಿ ಆಗಿದೆ. ಇದರಲ್ಲಿ ಸುಮಾರು 180 ಸಾಲು ಅಂತರ್ಜಾಲದಲ್ಲಿ ಸಿಕ್ಕ ಒಂದು ಸಿದ್ಧ ಕಡತದಿಂದ ತೆಗೆದುಕೊಂಡದ್ದು. ಇಷ್ಟಾದರೂ ಸಹಾಯಕ ಹಳೆಯ ಮೈಗ್ರೇಶನ್ ಫೈಲ್‌ಗಳನ್ನು (ಡೇಟಾಬೇಸ್‌ನ ರಚನೆ ಬದಲಿಸುವ ಫೈಲ್‌ಗಳನ್ನು) ತಿದ್ದುತ್ತದೆ, ಪ್ಯಾಕೇಜ್‌ಗಳನ್ನು ಹಾಕಿಕೊಳ್ಳಲು ಪಿಎನ್‌ಪಿಎಂ ಬಳಸು ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದರೂ ಎನ್‌ಪಿಎಂ ಓಡಿಸುತ್ತದೆ, ಹಣದ ಲೆಕ್ಕಕ್ಕೆ ದಶಮಾಂಶವನ್ನು ಅಂದಾಜಾಗಿ ಇಡುವ ಫ್ಲೋಟ್ ಬಳಸುತ್ತದೆ. ಮೊನ್ನೆಯಂತೂ ಒಂದೇ ದಿನ ಒಂದೇ ಖಾತೆಗೆ ಬಂದ ಎರಡು ಪಿಗ್ಮಿ ಜಮೆಗಳಲ್ಲಿ ಒಂದನ್ನು ನಕಲೆಂದು ಭಾವಿಸಿ ತೆಗೆದುಹಾಕುವ ಕೋಡ್ ಬರೆದಿತ್ತು. ಇನ್ನೂ ವಿವರವಾಗಿ ಬರೆಯಬೇಕು ಎಂದು ಒಬ್ಬರು, ಕಡತವನ್ನೇ ಅಳಿಸಿಬಿಡೋಣ ಎಂದು ಇನ್ನೊಬ್ಬರು ವಾದಿಸುತ್ತಿದ್ದಾರೆ. ಯಾವುದು ಸರಿ? ಸೂಚನೆಗಳನ್ನು ಕನ್ನಡದಲ್ಲಿ ಬರೆದರೆ ನಡೆಯುತ್ತದೆಯೇ? ಕಡತವನ್ನೂ ಫೋಲ್ಡರ್‌ಗಳ ಪಟ್ಟಿಯನ್ನೂ ಲಗತ್ತಿಸಿದ್ದೇನೆ.
— ಮೈಸೂರಿನ ಓದುಗರು

ಉತ್ತರ: ಎಲ್ಲಕ್ಕಿಂತ ಮೊದಲು ಒಂದು ತುರ್ತಿನ ಮಾತು. ನಿಮ್ಮ ಕಡತದ 318ನೇ ಸಾಲಿನಲ್ಲಿ ಪರೀಕ್ಷಾ ಸರ್ವರ್‌ನ ಡೇಟಾಬೇಸ್ ಪಾಸ್‌ವರ್ಡ್ ಇದೆ. ಸೂಚನಾ ಕಡತವು ಪ್ರತಿ ಸೆಷನ್‌ನಲ್ಲಿಯೂ ಸಹಾಯಕದ ಹಿಂದಿರುವ ಭಾಷಾ ಮಾದರಿಯನ್ನು ನಡೆಸುವ ಕಂಪನಿಯ ಸರ್ವರ್‌ಗೆ ಹೋಗುತ್ತದೆ, ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನ ಇತಿಹಾಸದಲ್ಲಿಯೂ ಉಳಿಯುತ್ತದೆ. ಆದ್ದರಿಂದ ಆ ಸಾಲನ್ನು ಅಳಿಸಿದರಷ್ಟೇ ಸಾಲದು, ಪಾಸ್‌ವರ್ಡನ್ನೇ ಬದಲಾಯಿಸಬೇಕು. ಉಳಿದದ್ದನ್ನು ನಿಧಾನವಾಗಿ ಮಾಡಬಹುದು, ಇದನ್ನು ಇವತ್ತೇ ಮಾಡಿ.

ಇನ್ನು ಮೂಲ ಪ್ರಶ್ನೆಗೆ ಬರೋಣ. ಇಷ್ಟು ಸ್ಪಷ್ಟವಾಗಿ ಬರೆದದ್ದನ್ನು ಸಹಾಯಕ ಏಕೆ ಪಾಲಿಸುವುದಿಲ್ಲ ಎಂಬುದು ನಿಮ್ಮ ಬೇಸರ, ಹಾಗಾದರೆ ಈ ಕಡತದಿಂದ ಪ್ರಯೋಜನವೇನು ಎಂಬುದು ಅದರ ಬೆನ್ನಿಗೇ ಬಂದ ಅನುಮಾನ. ನಿಮ್ಮ ಇಬ್ಬರು ಸಹೋದ್ಯೋಗಿಗಳ ಸಲಹೆಗಳು ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾಗಿ ಕಂಡರೂ, ಆ ಕಡತ ಯಂತ್ರವನ್ನು ಕಟ್ಟಿಹಾಕುವ ನಿಯಮಾವಳಿ ಎಂಬ ಒಂದೇ ನಂಬಿಕೆಯ ಮೇಲೆ ನಿಂತಿವೆ. ಅದು ನಿಯಮಾವಳಿಯಲ್ಲ. ಕ್ಲಾಡ್ ಕೋಡ್ ಸೆಷನ್ ಆರಂಭಿಸಿದಾಗ ಕ್ಲಾಡ್ ಡಾಟ್ ಎಂಡಿಯಲ್ಲಿರುವ ಪಠ್ಯವನ್ನು ಸಂಭಾಷಣೆಯ ಆರಂಭಕ್ಕೆ ಒಂದು ಸಂದೇಶವಾಗಿ ಸೇರಿಸುತ್ತದೆ. ಮಾದರಿಯು ಅದನ್ನು, ನೀವು ಕೊಟ್ಟ ಕೆಲಸವನ್ನು, ತಾನು ತೆರೆದು ನೋಡಿದ ಕೋಡನ್ನು, ಕಮಾಂಡ್‌ಗಳ ಫಲಿತಾಂಶಗಳನ್ನು ಒಟ್ಟಿಗೆ ಓದಿ ಮುಂದಿನ ಹೆಜ್ಜೆಯನ್ನು ತೀರ್ಮಾನಿಸುತ್ತದೆ. ಕಡತದ ಸಾಲನ್ನು ಮೀರಿದರೆ ತಡೆಯುವ ಕಾವಲುಗಾರ ಯಾರೂ ಅಲ್ಲಿಲ್ಲ. ನೀವು ಬರೆದದ್ದು ಒಂದು ಬಲವಾದ ಕೋರಿಕೆ, ಅಷ್ಟೆ.

ಇದರ ಜೊತೆಗೇ ಬರುವ ಇನ್ನೊಂದು ತಪ್ಪು ತಿಳಿವಳಿಕೆಯೆಂದರೆ, ವರ್ಷವಿಡೀ ಹೇಳಿದ್ದನ್ನು ಸಹಾಯಕ ಕಲಿತುಕೊಂಡಿರುತ್ತದೆ ಎಂಬುದು. ಮಾದರಿಯ ಒಳಗೆ ನಿಮ್ಮ ತಂಡದ ನೆನಪು ಯಾವುದೂ ಉಳಿಯುವುದಿಲ್ಲ. ಕೆಲವು ಉಪಕರಣಗಳು ತಾವೇ ಟಿಪ್ಪಣಿ ಬರೆದಿಟ್ಟುಕೊಳ್ಳುತ್ತವೆಯಾದರೂ ಅವೂ ಮುಂದಿನ ಸೆಷನ್‌ನಲ್ಲಿ ಹೊಸದಾಗಿ ಓದಬೇಕಾದ ಪಠ್ಯವೇ. ಆದ್ದರಿಂದ ಪ್ರತಿ ಬೆಳಗ್ಗೆಯೂ ನಿಮ್ಮ ಸಾಫ್ಟ್‌ವೇರನ್ನು ಮೊದಲ ಸಲ ನೋಡುತ್ತಿರುವ ಪರಿಣತನೊಬ್ಬನಿಗೆ ನೀವು 740 ಸಾಲು ಕೊಡುತ್ತಿದ್ದೀರಿ ಎಂದು ತಿಳಿಯುವುದು ವಾಸ್ತವಕ್ಕೆ ಹತ್ತಿರ.

"ಈಗಿನ ಮಾದರಿಗಳ ಕಾಂಟೆಕ್ಸ್ಟ್ ವಿಂಡೋ (ಒಮ್ಮೆಗೆ ಓದಬಲ್ಲ ಪಠ್ಯದ ಮಿತಿ) ಬಹಳ ದೊಡ್ಡದಲ್ಲವೇ, 740 ಸಾಲು ಯಾವ ಲೆಕ್ಕ?" ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಇಂಗ್ಲಿಷ್ ಪಠ್ಯದಲ್ಲಿ ಒಂದು ಟೋಕನ್‌ಗೆ (ಮಾದರಿ ಓದುವ ಪಠ್ಯದ ತುಣುಕಿಗೆ) ಸರಾಸರಿ ನಾಲ್ಕು ಅಕ್ಷರ ಹಿಡಿದರೆ ನಿಮ್ಮ ಕಡತ ಸುಮಾರು 11,000 ಟೋಕನ್ ಆಗುತ್ತದೆ. 2,00,000 ಟೋಕನ್‌ಗಳ ವಿಂಡೋದಲ್ಲಿ ಅದು ಶೇಕಡ ಐದಾರು ಭಾಗ ಮಾತ್ರ. ಜಾಗದ ಮಟ್ಟಿಗೆ ತೊಂದರೆಯಿಲ್ಲ. ಆದರೆ ಜಾಗ ಸಿಗುವುದು ಬೇರೆ, ಗಮನ ಸಿಗುವುದು ಬೇರೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತಿತರ ಕಡೆಯ ಸಂಶೋಧಕರು ನಡೆಸಿದ ಪ್ರಯೋಗಗಳಲ್ಲಿ, ಉದ್ದನೆಯ ಪಠ್ಯದ ಆರಂಭದಲ್ಲಿ ಅಥವಾ ಕೊನೆಯಲ್ಲಿರುವ ಮಾಹಿತಿಯನ್ನು ಮಾದರಿಗಳು ಚೆನ್ನಾಗಿ ಬಳಸಿಕೊಂಡು, ನಡುವೆ ಸಿಕ್ಕಿಕೊಂಡ ಮಾಹಿತಿಯಲ್ಲಿ ಎಡವಿದ್ದು ಕಂಡುಬಂದಿತ್ತು. ಅವು ಮಾಹಿತಿ ಹುಡುಕುವ ಪ್ರಯೋಗಗಳೇ ಹೊರತು ಸೂಚನೆಗಳನ್ನು ಪಾಲಿಸುವ ಪ್ರಯೋಗಗಳಲ್ಲ, ಆಮೇಲೆ ಬಂದ ಮಾದರಿಗಳು ಸುಧಾರಿಸಿಯೂ ಇವೆ, ಆದ್ದರಿಂದ ಅದೊಂದನ್ನೇ ಹಿಡಿದು ವಾದಿಸುವುದು ಸರಿಯಲ್ಲ. ಆದರೆ ನಾನು ತಂಡಗಳ ಕಡತಗಳನ್ನು ಪರಿಶೀಲಿಸುವಾಗ ಪದೇ ಪದೇ ಕಾಣುವ ಸಂಗತಿ ಇದಕ್ಕಿಂತ ಸರಳವಾದದ್ದು: ಕೊಟ್ಟ ಕೆಲಸಕ್ಕೆ ಸಂಬಂಧವೇ ಇಲ್ಲದ ನೂರಾರು ಸಾಲುಗಳ ನಡುವೆ ಸಂಬಂಧಪಟ್ಟ ಎರಡು ಸಾಲುಗಳಿದ್ದರೆ, ಆ ಎರಡಕ್ಕೂ ಉಳಿದವುಗಳಷ್ಟೇ ಬೆಲೆ ಸಿಗುತ್ತದೆ.

ದೊಡ್ಡ ಅಕ್ಷರಗಳ ಕಥೆಯೂ ಹೀಗೆಯೇ. "ಮುಖ್ಯ", "ಖಂಡಿತ", "ಎಂದೆಂದಿಗೂ ಬೇಡ" ಎಂಬ ಒತ್ತುಪದಗಳು ನಿಮ್ಮ ಕಡತದಲ್ಲಿ ಹೆಚ್ಚುಕಡಿಮೆ ಪ್ರತಿ ಪುಟದಲ್ಲಿಯೂ ಇವೆ. ತಾಲ್ಲೂಕು ಕಚೇರಿಯ ಗೋಡೆಯ ತುಂಬ ಕೆಂಪು ಅಕ್ಷರದ ಫಲಕಗಳಿದ್ದರೆ ಯಾರೂ ಯಾವುದನ್ನೂ ಓದದಂತೆ, ಎಲ್ಲವೂ ಮುಖ್ಯವಾದಾಗ ಒತ್ತು ಕೆಲಸ ಮಾಡುವುದಿಲ್ಲ. ಇಡೀ ಕಡತದಲ್ಲಿ ಒಂದೋ ಎರಡೋ ಕಡೆ ಮಾತ್ರ ಬಳಸಿದರೆ ಅದಕ್ಕೆ ನಿಜವಾಗಿಯೂ ಪರಿಣಾಮವಿದೆ.

ಈಗ ನೀವು ಹೇಳಿದ ತಪ್ಪುಗಳನ್ನು ಒಂದೊಂದಾಗಿ ನೋಡೋಣ. ನಾಲ್ಕು ತಪ್ಪುಗಳಿಗೂ ಬೇರೆ ಬೇರೆ ಕಾರಣಗಳಿವೆ, ಎಲ್ಲಕ್ಕೂ ಒಂದೇ ಮದ್ದಿಲ್ಲ.

ಎನ್‌ಪಿಎಂ ವಿಷಯ ತೆಗೆದುಕೊಳ್ಳಿ. ಪಿಎನ್‌ಪಿಎಂ ಬಳಸಬೇಕೆಂಬ ನಿಮ್ಮ ಸೂಚನೆ ಇರುವುದು 702ನೇ ಸಾಲಿನಲ್ಲಿ. ಕೋಡೆಕ್ಸ್ ಹೀಗೆ ಓದಿಕೊಳ್ಳುವ ಸೂಚನಾ ಕಡತಗಳ ಒಟ್ಟು ಗಾತ್ರಕ್ಕೆ 32 ಕೆಬಿಯ ಮಿತಿಯನ್ನು ತಾನಾಗಿಯೇ ಇಟ್ಟುಕೊಂಡಿದೆ. ಸೆಟ್ಟಿಂಗ್ ಬದಲಾಯಿಸದಿದ್ದರೆ ಆ ಮಿತಿಯಾಚೆಗಿನ ಭಾಗ ಮಾದರಿಯನ್ನು ತಲುಪುವುದೇ ಇಲ್ಲ. ನಿಮ್ಮ ಕಡತದಲ್ಲಿ ಆ ಗಡಿ ಸುಮಾರು 560ನೇ ಸಾಲಿನ ಹತ್ತಿರ ಬರುತ್ತದೆ. ಅಂದರೆ ಹೊಸ ತಪ್ಪು ಕಂಡಾಗಲೆಲ್ಲ ನೀವು ಕೊನೆಗೆ ಸೇರಿಸುತ್ತ ಬಂದ ಸಾಲುಗಳನ್ನು ಕೋಡೆಕ್ಸ್ ಬಳಸುವ ಇಬ್ಬರ ಸಹಾಯಕ ಒಮ್ಮೆಯೂ ನೋಡಿಲ್ಲ. ಹಾಗಾದರೆ ಕ್ಲಾಡ್ ಕೋಡ್‌ನಲ್ಲಿಯೂ ಅದೇ ತಪ್ಪು ಏಕಾಗುತ್ತದೆ? ನಿಮ್ಮ ಫೋಲ್ಡರ್ ಪಟ್ಟಿಯಲ್ಲಿ ಎನ್‌ಪಿಎಂ ಬಿಟ್ಟುಹೋದ ಹಳೆಯ ಪ್ಯಾಕೇಜ್-ಲಾಕ್ ಫೈಲ್ ಇನ್ನೂ ಇದೆ, ರೀಡ್‌ಮಿಯಲ್ಲಿ ಎನ್‌ಪಿಎಂ ಇನ್‌ಸ್ಟಾಲ್ ಎಂದೇ ಬರೆದಿದೆ. ಕಡತ ಒಂದು ಹೇಳುತ್ತದೆ, ರೆಪೊ ಇನ್ನೊಂದು ಹೇಳುತ್ತದೆ. ಮಾದರಿ ಕಣ್ಣೆದುರಿನ ಸಾಕ್ಷಿಯನ್ನು ನಂಬುತ್ತದೆ. ಹೊಸದಾಗಿ ಸೇರಿದ ಎಂಜಿನಿಯರ್ ಕೂಡ ಅದನ್ನೇ ಮಾಡುತ್ತಿದ್ದರು. ಲಾಕ್ ಫೈಲ್ ಅಳಿಸಿ, ರೀಡ್‌ಮಿ ತಿದ್ದಿ, ಪ್ಯಾಕೇಜ್ ಜೇಸನ್‌ನ ಪ್ಯಾಕೇಜ್‌ಮ್ಯಾನೇಜರ್ ಎಂಬ ನಮೂದಿನಲ್ಲಿ ಪಿಎನ್‌ಪಿಎಂ ಆವೃತ್ತಿಯನ್ನು ಬರೆಯಿರಿ. ಆಮೇಲೆ ಸೂಚನಾ ಕಡತದಲ್ಲಿ ಆ ಸಾಲು ಬೇಕಾಗದೆಯೂ ಇರಬಹುದು.

ಫ್ಲೋಟ್ ಸಮಸ್ಯೆಯ ಬೇರೂ ಹೀಗೆಯೇ ಕೋಡ್‌ನಲ್ಲಿದೆ, ಆದರೆ ಇಲ್ಲಿ ಬರವಣಿಗೆಯ ದೋಷವೂ ಕೂಡಿದೆ. ನಿಮ್ಮ ಕಡತದ 412ನೇ ಸಾಲಿನಿಂದ ಆರಂಭವಾಗುವ ಭಾಗವನ್ನು ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ:

"ನೀನು ದೀರ್ಘ ಅನುಭವವುಳ್ಳ ಹಿರಿಯ ಡೆವಲಪರ್. ಯಾವಾಗಲೂ ಶುದ್ಧವಾದ, ಸುಲಭವಾಗಿ ಓದಬಲ್ಲ ಕೋಡ್ ಬರೆಯಬೇಕು. ಫಂಕ್ಷನ್‌ಗಳು ಚಿಕ್ಕದಾಗಿರಬೇಕು. ಹಣಕಾಸಿನ ಲೆಕ್ಕಗಳಲ್ಲಿ ನಿಖರತೆ ಅತ್ಯಂತ ಮುಖ್ಯ. ತಪ್ಪಾದರೆ ಸಂಘದ ಸದಸ್ಯರಿಗೆ ತೊಂದರೆಯಾಗುತ್ತದೆ, ಆದ್ದರಿಂದ ಬಹಳ ಎಚ್ಚರಿಕೆಯಿಂದ ಸೂಕ್ತ ಡೇಟಾ ಟೈಪ್ ಆಯ್ದುಕೊಳ್ಳಬೇಕು."

ಇದರಲ್ಲಿ ಸಹಾಯಕಕ್ಕೆ ಗೊತ್ತಿಲ್ಲದ ಸಂಗತಿ ಒಂದೂ ಇಲ್ಲ. ಶುದ್ಧ ಕೋಡ್ ಬರೆಯಬೇಕೆಂಬುದನ್ನು ಅದಕ್ಕೆ ಹೇಳಬೇಕಾಗಿಲ್ಲ. ಸೂಕ್ತ ಡೇಟಾ ಟೈಪ್ ಯಾವುದು ಎಂಬುದನ್ನು ಹೇಳಬೇಕಾಗಿತ್ತು, ಅದನ್ನೇ ಬಿಟ್ಟಿದ್ದೀರಿ. ಸಹಾಯಕ ಹೋಗಿ ಹಳೆಯ ಸಾಲದ ಮಾಡ್ಯೂಲ್ ತೆರೆದು ನೋಡಿದಾಗ ಅಲ್ಲೆಲ್ಲ ಫ್ಲೋಟ್ ಕಾಣುತ್ತದೆ, ಈ ತಂಡದ ವಾಡಿಕೆ ಇದೇ ಎಂದು ತಿಳಿದು ಅದನ್ನೇ ಮುಂದುವರಿಸುತ್ತದೆ. ನೀವು ಪತ್ರದಲ್ಲಿ ಕೊಟ್ಟ ವಿವರ ಮತ್ತು ಲಗತ್ತಿಸಿದ ಪಟ್ಟಿಯ ಆಧಾರದ ಮೇಲೆ ನಾನಾದರೆ ಆ ಭಾಗದ ಜಾಗದಲ್ಲಿ ಇಷ್ಟನ್ನೇ ಬರೆಯುತ್ತಿದ್ದೆ:

"ಹಣದ ಮೊತ್ತಗಳನ್ನು ಪೈಸೆಯ ಪೂರ್ಣಾಂಕವಾಗಿ ಉಳಿಸಿ. ಬಡ್ಡಿ ಲೆಕ್ಕದ ನಡುವೆ ಡೆಸಿಮಲ್ ಬಳಸಿ, ಕೊನೆಯಲ್ಲಿ ಒಮ್ಮೆ ಮಾತ್ರ ಪೈಸೆಗೆ ಸರಿಹೊಂದಿಸಿ. ನಮೂನೆಗಾಗಿ ಲೆಡ್ಜರ್ ಫೋಲ್ಡರ್‌ನ ಬಡ್ಡಿ ಲೆಕ್ಕ ನೋಡಿ. ಸಾಲದ ಮಾಡ್ಯೂಲ್‌ನಲ್ಲಿರುವ ಫ್ಲೋಟ್ ಹಳೆಯದು, ಅದನ್ನು ಅನುಸರಿಸಬೇಡಿ."

ಇಲ್ಲಿ ಗಮನಿಸಬೇಕಾದದ್ದು ಬರಿಯ ಉದ್ದವಲ್ಲ. ಬೇಡ ಎಂದಷ್ಟೇ ಹೇಳದೆ ಅದರ ಬದಲು ಏನು ಮಾಡಬೇಕೆಂದು ಹೇಳಿದೆ, ಅನುಕರಿಸಲು ನಿಜವಾದ ಒಂದು ಫೈಲನ್ನು ತೋರಿಸಿದೆ, ರೆಪೊದಲ್ಲಿ ಎದುರಾಗುವ ವಿರುದ್ಧ ಸಾಕ್ಷಿಯನ್ನು ಮೊದಲೇ ಹೆಸರಿಸಿ ತಳ್ಳಿಹಾಕಿದೆ. ಪಾಲಿಸಲಾಗಿದೆಯೇ ಇಲ್ಲವೇ ಎಂಬುದನ್ನು ಕೋಡ್ ನೋಡಿದ ಕೂಡಲೇ ಹೇಳಬಹುದಾದ ಸೂಚನೆ ಮಾತ್ರ ಕಡತದಲ್ಲಿರಲಿ ಎಂಬುದು ನನ್ನ ಅಳತೆಗೋಲು. "ಎಚ್ಚರಿಕೆಯಿಂದ ಬರೆ" ಎಂಬುದು ಆ ಅಳತೆಯಲ್ಲಿ ನಿಲ್ಲುವುದಿಲ್ಲ.

ಪಿಗ್ಮಿಯ ತಪ್ಪು ನನಗೆ ಎಲ್ಲಕ್ಕಿಂತ ಸ್ವಾರಸ್ಯಕರವಾಗಿ ಕಂಡಿತು, ಏಕೆಂದರೆ ಅದಕ್ಕೆ ಕಾರಣವಾದ ವಿಷಯ ನಿಮ್ಮ 740 ಸಾಲುಗಳಲ್ಲಿ ಎಲ್ಲಿಯೂ ಇಲ್ಲ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಆರಂಭಿಸಿದ ಈ ದಿನಗೂಡಿಕೆಯ ಪದ್ಧತಿ ನಮ್ಮ ಕಡೆಯ ಸಂಘಗಳಲ್ಲಿ ಕೆಲಸ ಮಾಡುವವರಿಗೆ ಎಷ್ಟು ಸಹಜವೆಂದರೆ, ಅದನ್ನು ಬರೆದಿಡಬೇಕು ಎಂದು ಯಾರಿಗೂ ತೋಚುವುದಿಲ್ಲ. ಏಜೆಂಟರು ಅಂಗಡಿಗೆ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಬಹುದು. ಒಂದೇ ದಿನ ಒಂದೇ ಮೊತ್ತದ ಎರಡು ಜಮೆ ಬರಬಹುದು. ಕೋಡ್ ಮಾತ್ರ ನೋಡಿದವರಿಗೆ ಅದು ನಕಲಿನಂತೆಯೇ ಕಾಣುತ್ತದೆ. "ಪಿಗ್ಮಿ ಖಾತೆಗೆ ದಿನಕ್ಕೆ ಒಂದಕ್ಕಿಂತ ಹೆಚ್ಚು ಜಮೆ ಸಹಜ, ಗುರುತು ರಸೀದಿ ಸಂಖ್ಯೆಯಿಂದ ಮಾತ್ರ, ದಿನಾಂಕ ಮತ್ತು ಮೊತ್ತದಿಂದಲ್ಲ" ಎಂಬ ಒಂದು ಸಾಲು ನಿಮ್ಮ ಕಡತದ ಮೊದಲ ಪುಟದಲ್ಲಿರಬೇಕು. ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಎಂಬುದು, ಮುಚ್ಚಿದ ದಿನದ ಲೆಕ್ಕವನ್ನು ತಿದ್ದದೆ ಹೊಸ ಹೊಂದಾಣಿಕೆ ನಮೂದು ಹಾಕಬೇಕು ಎಂಬುದು, ಸುಸ್ತಿ ಬಡ್ಡಿ ಯಾವ ದಿನದಿಂದ ಆರಂಭ ಎಂಬುದು, ಹೀಗೆ ನಿಮ್ಮ ವ್ಯವಹಾರದ ಒಳಗಿನವರಿಗೆ ಮಾತ್ರ ಗೊತ್ತಿರುವ ಸಂಗತಿಗಳು ಇನ್ನೂ ಇರುತ್ತವೆ. ಕೋಡ್ ಹೇಳಲಾರದ್ದನ್ನು ಹೇಳುವುದಕ್ಕಾಗಿಯೇ ಇರುವ ಕಡತವಿದು. ಆದರೆ ನಿಮ್ಮ ಕಡತದ ಮೊದಲ 150 ಸಾಲುಗಳಲ್ಲಿ ಇರುವುದು ಇನಿಟ್ ಕಮಾಂಡ್ ತಾನಾಗಿ ಬರೆದುಕೊಟ್ಟ ಫೋಲ್ಡರ್‌ಗಳ ವಿವರಣೆ. ಅದನ್ನು ಸಹಾಯಕ ಬೇಕೆಂದಾಗ ಒಂದು ಕಮಾಂಡ್‌ನಲ್ಲಿ ತಾನೇ ನೋಡಿಕೊಳ್ಳುತ್ತದೆ. ಅದರಲ್ಲಿ ಹೆಸರಿಸಿರುವ ಎರಡು ಫೋಲ್ಡರ್‌ಗಳು ಈಗ ನಿಮ್ಮ ಪಟ್ಟಿಯಲ್ಲಿಯೇ ಇಲ್ಲ.

ಉಳಿದದ್ದು ಮೈಗ್ರೇಶನ್. ಇದನ್ನು ಕಡತದಿಂದ ಸರಿಪಡಿಸಲು ಹೊರಡುವುದೇ ತಪ್ಪು ದಾರಿ. ಜ್ಯಾಂಗೊ ಯಾವ ಮೈಗ್ರೇಶನ್ ಓಡಿದೆ ಎಂಬುದನ್ನು ಡೇಟಾಬೇಸ್‌ನಲ್ಲಿ ಅದರ ಹೆಸರಿನಿಂದ ಮಾತ್ರ ಗುರುತಿಟ್ಟುಕೊಳ್ಳುತ್ತದೆ, ಒಳಗಿನ ವಿಷಯವನ್ನು ನೋಡುವುದಿಲ್ಲ. ಈಗಾಗಲೇ ಓಡಿರುವ ಫೈಲನ್ನು ತಿದ್ದಿದರೆ ಸಂಘದ ಸರ್ವರ್‌ನಲ್ಲಿ ಅದು ಮತ್ತೆ ಓಡುವುದಿಲ್ಲ, ಹೊಸದಾಗಿ ಡೇಟಾಬೇಸ್ ಕಟ್ಟಿದ ಡೆವಲಪರ್‌ನ ಯಂತ್ರದಲ್ಲಿ ಮಾತ್ರ ಓಡುತ್ತದೆ. ಎರಡು ಕಡೆ ಎರಡು ಬಗೆಯ ಟೇಬಲ್‌ಗಳಿರುತ್ತವೆ, ತಕ್ಷಣಕ್ಕೆ ಯಾವ ದೋಷವೂ ಕಾಣುವುದಿಲ್ಲ. ಇಂತಹ ಹಾನಿಯನ್ನು ನೂರಕ್ಕೆ ತೊಂಬತ್ತೈದು ಸಲ ಪಾಲಿಸುವ ಕೋರಿಕೆಗೆ ಒಪ್ಪಿಸಬಾರದು. ಎಂದೂ ಆಗಬಾರದ್ದನ್ನು ತಡೆಯುವ ಕೆಲಸ ಯಂತ್ರದ್ದಾಗಬೇಕು. ಕ್ಲಾಡ್ ಕೋಡ್‌ನಲ್ಲಿ ಉಪಕರಣ ಓಡುವ ಮುನ್ನ ಚಲಿಸುವ ಹುಕ್ ಎಂಬ ಸಣ್ಣ ಪ್ರೋಗ್ರಾಂ ಬರೆಯಬಹುದು. ಅದು ಮೈಗ್ರೇಶನ್ ಫೋಲ್ಡರ್‌ನಲ್ಲಿರುವ ಹಳೆಯ ಫೈಲ್ ಎಂದು ಕಂಡರೆ 2 ಎಂಬ ಎಕ್ಸಿಟ್ ಕೋಡ್ ಕೊಟ್ಟು ತಿದ್ದುಪಡಿಯನ್ನು ನಿಲ್ಲಿಸುತ್ತದೆ, ಏಕೆ ನಿಲ್ಲಿಸಿತು ಎಂಬ ನಿಮ್ಮ ಸಂದೇಶ ಮಾದರಿಗೂ ತಲುಪುತ್ತದೆ. ಆ ಸಂದೇಶದಲ್ಲಿ "ಹೊಸ ಮೈಗ್ರೇಶನ್ ಸೃಷ್ಟಿಸಿ" ಎಂದು ಬರೆದರೆ ಅದು ಸಾಮಾನ್ಯವಾಗಿ ಹಾಗೆಯೇ ಮಾಡುತ್ತದೆ.

ಹುಕ್‌ಗೂ ಅಪಾಯಗಳಿವೆ. ಅದು ನಿಮ್ಮ ಯಂತ್ರದಲ್ಲಿ ನಿಮ್ಮದೇ ಅಧಿಕಾರದಿಂದ ಓಡುವ ಪ್ರೋಗ್ರಾಂ, ತಪ್ಪಾಗಿ ಬರೆದರೆ ಸರಿಯಾದ ಕೆಲಸವನ್ನೂ ತಡೆದು ತಂಡಕ್ಕೆ ಕಿರಿಕಿರಿ ಮಾಡುತ್ತದೆ. ಫೈಲ್ ತಿದ್ದುವ ಉಪಕರಣವನ್ನು ತಡೆದರೂ ಸಹಾಯಕ ಶೆಲ್‌ನಲ್ಲಿ ಸಣ್ಣ ಸ್ಕ್ರಿಪ್ಟ್ ಬರೆದು ಅದೇ ಫೈಲನ್ನು ಬದಲಾಯಿಸುವ ದಾರಿ ಉಳಿದೇ ಇರುತ್ತದೆ. ಅದರಲ್ಲಿ ಕುಟಿಲತೆಯೇನೂ ಇಲ್ಲ, ಕೊಟ್ಟ ಕೆಲಸ ಮುಗಿಸುವ ಇನ್ನೊಂದು ಹಾದಿ ಎಂದಷ್ಟೇ ಅದಕ್ಕೆ ಕಾಣುತ್ತದೆ. ಅಲ್ಲದೆ ಕ್ಲಾಡ್ ಕೋಡ್‌ಗೆ ಬರೆದ ಹುಕ್ ಕೋಡೆಕ್ಸ್ ಬಳಸುವವರಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಕೊನೆಯ ತಡೆ ಸಿಐಯಲ್ಲಿ, ಅಂದರೆ ಕೋಡ್ ವಿಲೀನವಾಗುವ ಮುನ್ನ ತಾನಾಗಿ ಓಡುವ ಪರೀಕ್ಷೆಗಳಲ್ಲಿ, ಇರಲಿ: ಮುಖ್ಯ ಶಾಖೆಯಲ್ಲಿ ಈಗಾಗಲೇ ಇರುವ ಮೈಗ್ರೇಶನ್ ಫೈಲ್ ಬದಲಾಗಿದ್ದರೆ ವಿಲೀನವನ್ನು ನಿಲ್ಲಿಸುವ ನಾಲ್ಕು ಸಾಲಿನ ಪರೀಕ್ಷೆ, ಜೊತೆಗೆ ಟೇಬಲ್‌ನ ವಿವರಣೆಯಾದ ಜ್ಯಾಂಗೊ ಮಾಡೆಲ್ ಬದಲಾಗಿ ಮೈಗ್ರೇಶನ್ ಬರೆಯದಿದ್ದರೆ ಹಿಡಿಯುವ ಜ್ಯಾಂಗೊದ್ದೇ ಮೇಕ್‌ಮೈಗ್ರೇಶನ್ಸ್ ಚೆಕ್. ಕಮಿಟ್‌ಗೆ ಮುನ್ನ ಓಡುವ ಗಿಟ್ ಹುಕ್ ಇದ್ದರೆ ಒಳ್ಳೆಯದೇ, ಆದರೆ ಅದನ್ನು ಒಂದು ಆಯ್ಕೆ ಕೊಟ್ಟು ದಾಟಿಬಿಡಬಹುದು. ಕೋಡ್‌ನ ಅಂದಕ್ಕೆ ಸಂಬಂಧಿಸಿದ ನಿಮ್ಮ 90 ಸಾಲುಗಳೂ ಇದೇ ಗುಂಪಿಗೆ ಸೇರಿದವು. ಸಾಲಿನ ಉದ್ದ, ಉದ್ಧರಣ ಚಿಹ್ನೆ, ಇಂಪೋರ್ಟ್‌ಗಳ ಕ್ರಮ ಇವೆಲ್ಲ ರಫ್ ಮತ್ತು ಪ್ರೆಟಿಯರ್ ಎಂಬ ಉಪಕರಣಗಳು ಮಾಡುವ ಕೆಲಸ, ಭಾಷಾ ಮಾದರಿಯ ಕೆಲಸವಲ್ಲ.

ಹಾಗಾದರೆ ಕಡತವನ್ನು ಚಿಕ್ಕದು ಮಾಡುವ ದಾರಿಗಳಾವುವು? ಮೊದಲು ಒಂದು ಸುಳ್ಳು ದಾರಿಯನ್ನು ಹೇಳಿಬಿಡುತ್ತೇನೆ, ಏಕೆಂದರೆ ಬಹಳ ತಂಡಗಳು ಅದನ್ನೇ ಹಿಡಿಯುತ್ತವೆ. ಕ್ಲಾಡ್ ಡಾಟ್ ಎಂಡಿಯನ್ನು ಹತ್ತು ಕಡತಗಳಾಗಿ ಒಡೆದು, ಅಟ್ ಚಿಹ್ನೆಯ ಮೂಲಕ ಅವೆಲ್ಲವನ್ನೂ ಒಳಗೆ ಕರೆದುಕೊಂಡರೆ, ನೋಡಲು ಅಚ್ಚುಕಟ್ಟಾಗಿರುತ್ತದೆ, ಆದರೆ ಟೋಕನ್ ಒಂದೂ ಉಳಿತಾಯವಾಗುವುದಿಲ್ಲ. ಹಾಗೆ ಕರೆದ ಕಡತಗಳೆಲ್ಲ ಸೆಷನ್ ಆರಂಭದಲ್ಲಿಯೇ ಪೂರ್ತಿ ಓದಲ್ಪಡುತ್ತವೆ. ಈ ಸೌಲಭ್ಯ ನಿಮಗೆ ಬೇರೆ ಕಾರಣಕ್ಕೆ ಉಪಯುಕ್ತ: ಎರಡು ಪ್ರತಿಗಳನ್ನು ಇಡುವ ಬದಲು ಏಜೆಂಟ್ಸ್ ಡಾಟ್ ಎಂಡಿಯನ್ನು ಮಾತ್ರ ಬರೆದು, ಕ್ಲಾಡ್ ಡಾಟ್ ಎಂಡಿಯಲ್ಲಿ ಅದನ್ನು ಕರೆಯುವ ಒಂದೇ ಸಾಲು ಇಡಿ. ಈಗಾಗಲೇ ನಿಮ್ಮ ಎರಡು ಪ್ರತಿಗಳ ನಡುವೆ ಟೆಸ್ಟ್ ಓಡಿಸುವ ಕಮಾಂಡ್ ಬೇರೆ ಬೇರೆಯಾಗಿದೆ.

ನಿಜವಾದ ಉಳಿತಾಯ ಆಗುವುದು ಬೇಕಾದಾಗ ಮಾತ್ರ ಓದುವಂತೆ ಮಾಡಿದಾಗ. ರಿಯಾಕ್ಟ್‌ಗೆ ಸಂಬಂಧಿಸಿದ ಸೂಚನೆಗಳನ್ನು ಮುಂಬದಿಯ ಫೋಲ್ಡರ್‌ನ ಒಳಗೆ ಬೇರೆ ಕಡತವಾಗಿ ಇಟ್ಟರೆ, ಕ್ಲಾಡ್ ಕೋಡ್ ಆ ಫೋಲ್ಡರ್‌ನ ಫೈಲ್‌ಗಳನ್ನು ಓದಲು ಹೋದಾಗ ಮಾತ್ರ ಅದನ್ನು ಸೇರಿಸಿಕೊಳ್ಳುತ್ತದೆ. ಕರ್ಸರ್ ಮತ್ತು ಗಿಟ್‌ಹಬ್ ಕೋಪೈಲಟ್ ಎಂಬ ಇತರ ಸಹಾಯಕಗಳಲ್ಲಿಯೂ ಫೈಲ್ ಹೆಸರಿನ ನಮೂನೆಯನ್ನು ಕೊಟ್ಟು ಸೂಚನೆಯ ವ್ಯಾಪ್ತಿಯನ್ನು ಹೀಗೆ ಕಿರಿದಾಗಿಸಬಹುದು. ಇದರ ಅಪಾಯವೆಂದರೆ ಎಲ್ಲ ಉಪಕರಣಗಳೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಕೋಡೆಕ್ಸ್ ಆರಂಭದಲ್ಲಿ ಓದಿಕೊಳ್ಳುವುದು ರೆಪೊದ ಮೂಲದಿಂದ ನೀವು ಅದನ್ನು ಶುರು ಮಾಡಿದ ಫೋಲ್ಡರ್‌ವರೆಗಿನ ಕಡತಗಳನ್ನು. ಮೂಲದಲ್ಲಿಯೇ ನಿಂತು ಶುರು ಮಾಡಿದರೆ ಒಳಫೋಲ್ಡರ್‌ನ ಕಡತ ತಾನಾಗಿ ಬರುತ್ತದೆ ಎಂದು ನಂಬಿಕೊಳ್ಳಬಾರದು. ನಿಮ್ಮ ತಂಡ ಎರಡು ಉಪಕರಣ ಬಳಸುತ್ತಿರುವುದರಿಂದ, ಹಣ ಮತ್ತು ಪಿಗ್ಮಿಯಂತಹ ತಪ್ಪಬಾರದ ಸೂಚನೆಗಳು ಮೂಲ ಕಡತದಲ್ಲಿಯೇ ಇರಲಿ, ತಪ್ಪಿದರೂ ಪರಿಶೀಲನೆಯಲ್ಲಿ ಸುಲಭವಾಗಿ ಕಾಣುವ ಪರದೆಯ ಸೂಚನೆಗಳು ಕೆಳಗೆ ಹೋಗಲಿ.

ಅಪರೂಪಕ್ಕೆ ಬೇಕಾಗುವ ದೊಡ್ಡ ವಿಷಯಗಳಿಗೆ, ಅಂದರೆ ನಿಮ್ಮ ವಾರ್ಷಿಕ ಆಡಿಟ್ ವರದಿಯ 120 ಸಾಲಿನ ವಿವರಣೆಯಂಥವಕ್ಕೆ, ಪ್ರತ್ಯೇಕ ದಾಖಲೆ ಬರೆದು "ಆಡಿಟ್ ವರದಿ ಮುಟ್ಟುವ ಮುನ್ನ ಇದನ್ನು ಓದಿ" ಎಂದು ಮೂಲ ಕಡತದಲ್ಲಿ ಒಂದು ಸಾಲಿನ ಕೈಮರ ಸಾಕು. ಓದದೆ ಮುಂದುವರಿಯುವ ಸಾಧ್ಯತೆ ಇಲ್ಲಿ ಇದ್ದೇ ಇದೆ. ಯಾವ ಸಂದರ್ಭದಲ್ಲಿ ಓದಬೇಕೆಂಬುದನ್ನು ನಿರ್ದಿಷ್ಟವಾಗಿ ಬರೆದಷ್ಟೂ ಆ ಸಾಧ್ಯತೆ ಕಡಿಮೆಯಾಗುತ್ತದೆ. "ಹೆಚ್ಚಿನ ಮಾಹಿತಿಗಾಗಿ ನೋಡಿ" ಎಂದು ಬರೆದರೆ ಅದು ನೋಡುವುದಿಲ್ಲ.

ಅಂತರ್ಜಾಲದಿಂದ ತಂದ 180 ಸಾಲುಗಳನ್ನು ಮಾತ್ರ ಯಾವ ಚರ್ಚೆಯೂ ಇಲ್ಲದೆ ತೆಗೆದುಹಾಕಿ. ಅವು ಬೇರೆ ಯಾರದೋ ಯೋಜನೆಗೆ ಬರೆದವು ಎಂಬುದು ಒಂದು ಕಾರಣ. 2025ರ ಮಾರ್ಚ್‌ನಲ್ಲಿ ಪಿಲ್ಲರ್ ಸೆಕ್ಯುರಿಟಿ ಎಂಬ ಸಂಸ್ಥೆ ತೋರಿಸಿಕೊಟ್ಟ ಅಪಾಯ ಇನ್ನೊಂದು: ಕರ್ಸರ್ ಮತ್ತು ಕೋಪೈಲಟ್‌ನ ಸೂಚನಾ ಕಡತಗಳಲ್ಲಿ ಕಣ್ಣಿಗೆ ಕಾಣದ ಯೂನಿಕೋಡ್ ಅಕ್ಷರಗಳನ್ನು ಅಡಗಿಸಿಟ್ಟು, ಸಹಾಯಕ ದುರುದ್ದೇಶದ ಕೋಡ್ ಬರೆಯುವಂತೆ ಮಾಡಲು ಸಾಧ್ಯವಿದೆ. ಹಣದ ಲೆಕ್ಕ ಇಡುವ ಸಾಫ್ಟ್‌ವೇರ್‌ನಲ್ಲಿ ಅಂತಹ ಅವಕಾಶ ಕೊಡಬಾರದು. ಸೂಚನಾ ಕಡತಕ್ಕೆ ಬರುವ ಪ್ರತಿ ಬದಲಾವಣೆಯೂ ಕೋಡ್‌ನಂತೆಯೇ ಇನ್ನೊಬ್ಬರ ಪರಿಶೀಲನೆಗೆ ಒಳಗಾಗಬೇಕು.

ಕಡತವನ್ನು ಪೂರ್ತಿ ಅಳಿಸುವ ಸಲಹೆ ಕೇಳಲು ಅತಿರೇಕವೆನಿಸಿದರೂ ಪ್ರಯೋಗವಾಗಿ ಅದು ನನಗೆ ಇಷ್ಟವೇ. ಬೇರೆ ಶಾಖೆಯಲ್ಲಿ ಕಡತವಿಲ್ಲದೆ, ಈಗಾಗಲೇ ಮುಗಿದಿರುವ ನಾಲ್ಕೈದು ನಿಜವಾದ ಕೆಲಸಗಳನ್ನು ಹೊಸ ಸೆಷನ್‌ಗಳಲ್ಲಿ ಮತ್ತೆ ಮಾಡಿಸಿ ನೋಡಿ. ಎಲ್ಲಿ ತಪ್ಪುತ್ತದೆಯೋ ಅಲ್ಲಿಗೆ ಮಾತ್ರ ಒಂದು ಸಾಲು ಬರೆಯಿರಿ. ಒಂದೇ ಸಲ ಓಡಿಸಿ ತೀರ್ಮಾನಕ್ಕೆ ಬರಬೇಡಿ, ಒಂದೇ ಕೆಲಸಕ್ಕೆ ಮಾದರಿ ಎರಡು ಸಲ ಎರಡು ಬಗೆಯ ಉತ್ತರ ಕೊಡುತ್ತದೆ. 740ರಿಂದ ಇಳಿಸುತ್ತ ಬರುವುದಕ್ಕಿಂತ ಸೊನ್ನೆಯಿಂದ ಏರುವುದು ಸುಲಭ, ಏಕೆಂದರೆ ಇರುವ ಸಾಲನ್ನು ಅಳಿಸಲು ಯಾರಿಗೂ ಧೈರ್ಯ ಬರುವುದಿಲ್ಲ. ಇದರ ಅಪಾಯವೆಂದರೆ ಅಪರೂಪದ ಆದರೆ ದುಬಾರಿಯಾದ ತಪ್ಪು ಈ ನಾಲ್ಕೈದು ಕೆಲಸಗಳಲ್ಲಿ ಕಾಣದೇ ಹೋಗಬಹುದು. ಹಳೆಯ ಕಡತ ಗಿಟ್‌ನಲ್ಲಿ ಇದ್ದೇ ಇರುತ್ತದೆ. ಅದನ್ನು ಒಮ್ಮೆ ಓದಿ, ಹಣ ಮತ್ತು ಸದಸ್ಯರ ಮಾಹಿತಿಗೆ ಸಂಬಂಧಿಸಿದ ಸಾಲುಗಳನ್ನು ಪ್ರಯೋಗದ ಫಲಿತಾಂಶಕ್ಕೆ ಕಾಯದೆ ಉಳಿಸಿಕೊಳ್ಳಿ. ನಿಮ್ಮ ಗಾತ್ರದ ಯೋಜನೆಗೆ ಮೂಲ ಕಡತ 60ರಿಂದ 80 ಸಾಲಿನೊಳಗೆ ನಿಲ್ಲುತ್ತದೆ ಎಂಬುದು ನನ್ನ ಅಂದಾಜು. ಕ್ಲಾಡ್ ಕೋಡ್‌ನಲ್ಲಿ ಕಾಂಟೆಕ್ಸ್ಟ್ ಎಂಬ ಕಮಾಂಡ್ ಕೊಟ್ಟರೆ ಯಾವುದು ಎಷ್ಟು ಜಾಗ ಹಿಡಿದಿದೆ ಎಂಬುದು, ಮೆಮೊರಿ ಎಂಬ ಕಮಾಂಡ್ ಕೊಟ್ಟರೆ ಯಾವ ಕಡತಗಳು ಸೇರಿವೆ ಎಂಬುದು ಕಾಣುತ್ತದೆ. ಕಡತ ಓದಲ್ಪಟ್ಟಿದೆಯೇ ಎಂಬುದನ್ನೇ ನೋಡದೆ ಸೂಚನೆಯ ಪದಗಳನ್ನು ತಿದ್ದುತ್ತ ಕೂರುವ ಶ್ರಮ ಇದರಿಂದ ತಪ್ಪುತ್ತದೆ.

ಕನ್ನಡದಲ್ಲಿ ಬರೆಯುವ ಬಗ್ಗೆ ಕೇಳಿದ್ದೀರಿ. ಈಗಿನ ದೊಡ್ಡ ಮಾದರಿಗಳು ಕನ್ನಡದ ಸೂಚನೆಯನ್ನು ಅರ್ಥಮಾಡಿಕೊಳ್ಳುತ್ತವೆ, ಅದರಲ್ಲಿ ತೊಂದರೆಯಿಲ್ಲ. ಆದರೆ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ ಮೂರು ಬೈಟ್ ಬೇಕು, ಒತ್ತಕ್ಷರ ಮತ್ತು ಸ್ವರಚಿಹ್ನೆಗಳು ಸೇರಿದರೆ ಒಂದು ಅಕ್ಷರವೇ ಹನ್ನೆರಡು ಬೈಟ್ ಅಥವಾ ಅದಕ್ಕಿಂತ ಹೆಚ್ಚಾಗಬಹುದು. ಟೋಕನ್‌ಗಳೂ ಇಂಗ್ಲಿಷಿಗಿಂತ ಹೆಚ್ಚು ಖರ್ಚಾಗುತ್ತವೆ. ಕೋಡೆಕ್ಸ್‌ನ 32 ಕೆಬಿ ಮಿತಿ ಅಷ್ಟೇ ಬೇಗ ತುಂಬುತ್ತದೆ. 70 ಸಾಲಿನ ಕಡತಕ್ಕೆ ಇದು ಅಡ್ಡಿಯಲ್ಲ, 740 ಸಾಲಿಗೆ ಅಡ್ಡಿ. ನಿಮ್ಮ ಕೋಡ್‌ನ ಹೆಸರುಗಳು ಮತ್ತು ಕಮಾಂಡ್‌ಗಳು ಇಂಗ್ಲಿಷಿನಲ್ಲಿಯೇ ಇರುವುದರಿಂದ ಸೂಚನೆಗಳೂ ಸರಳ ಇಂಗ್ಲಿಷಿನಲ್ಲಿರಲಿ ಎಂಬುದು ನನ್ನ ಸಲಹೆ. ಸಂಘದವರ ಪರದೆಯಲ್ಲಿ ಕಾಣಬೇಕಾದ ಕನ್ನಡ ಪದಗಳ ಪಟ್ಟಿಯನ್ನು ಮಾತ್ರ ಕನ್ನಡ ಲಿಪಿಯಲ್ಲಿಯೇ ಕೊಡಿ, ಅದನ್ನು ಸಹಾಯಕದ ಊಹೆಗೆ ಬಿಟ್ಟರೆ ಒಂದು ಪುಟದಲ್ಲಿ "ಠೇವಣಿ", ಇನ್ನೊಂದರಲ್ಲಿ "ಡಿಪಾಸಿಟ್" ಎಂದು ಬರುತ್ತದೆ.

ಇನ್ನು ಮುಂದೆ ಕಡತ ಮತ್ತೆ ಉಬ್ಬದಂತೆ ನೋಡಿಕೊಳ್ಳುವ ಪ್ರಶ್ನೆ. ತಪ್ಪು ಕಂಡಾಗ ಕೂಡಲೇ ಸಾಲು ಸೇರಿಸುವ ಅಭ್ಯಾಸವನ್ನು ತಂಡ ಬಿಡಬೇಕು. ಆ ತಪ್ಪನ್ನು ಒಂದು ಟೆಸ್ಟ್ ಹಿಡಿಯಬಲ್ಲುದೇ, ರೆಪೊದಲ್ಲಿರುವ ಹಳೆಯ ಕೋಡೇ ಅದಕ್ಕೆ ಕಾರಣವೇ ಎಂದು ಮೊದಲು ನೋಡಬೇಕು. ಬಹಳ ಹೊತ್ತು ನಡೆದ ಸೆಷನ್‌ನಲ್ಲಿ ಆದ ತಪ್ಪಾದರೆ ಹೊಸ ಸೆಷನ್‌ನಲ್ಲಿ ಅದೇ ಕೆಲಸ ಕೊಟ್ಟು ನೋಡಬೇಕು, ಏಕೆಂದರೆ ಸಂಭಾಷಣೆ ಉದ್ದವಾಗಿ ಸಂಕ್ಷೇಪಗೊಂಡಾಗ ನೀವು ಮಾತಿನಲ್ಲಿ ಹೇಳಿದ ಸೂಚನೆಗಳು ಕಳೆದುಹೋಗಿರಬಹುದು. ಇವು ಯಾವುವೂ ಅಲ್ಲವೆಂದಾದರೆ, ಅದೇ ತಪ್ಪು ಎರಡನೆಯ ಸಲ ಕಂಡಾಗ, ಸಾಲು ಬರೆಯಿರಿ, ಏಕೆ ಬರೆದಿರಿ ಎಂಬುದನ್ನು ಕಮಿಟ್ ಸಂದೇಶದಲ್ಲಿ ದಾಖಲಿಸಿ. ಮಾದರಿಯ ಹೊಸ ಆವೃತ್ತಿ ಬಂದಾಗ ಆ ಸಂದೇಶಗಳು ಉಪಯೋಗಕ್ಕೆ ಬರುತ್ತವೆ. ಹಳೆಯ ಮಾದರಿಯ ಚಾಳಿಯನ್ನು ತಿದ್ದಲೆಂದೇ ಬರೆದ ಸಾಲು ಯಾವುದು, ನಿಮ್ಮ ಸಂಘಗಳ ವ್ಯವಹಾರಕ್ಕೆ ಸೇರಿದ ಸಾಲು ಯಾವುದು ಎಂದು ಆಗ ಬೇರ್ಪಡಿಸಬಹುದು, ಮೊದಲನೆಯ ಬಗೆಯವನ್ನು ತೆಗೆದು ಒಂದು ವಾರ ಕೆಲಸ ಮಾಡಿ ನೋಡಬಹುದು.